ಎಲೆಕ್ಟ್ರಾನ್ ಹೋಯ್ತು ಸರಿ, ಎಲ್ಲಿಗೆ ಹೋಯ್ತು?

ಎಲ್ಲರಿಗೂ ನಮಸ್ಕಾರ. ವಿಜಯಪುರದ ಈ ಬಿಸಿಲಲ್ಲಿ, ಅದೂ ಊಟಕ್ಕೆ ಮೊದಲು, ಲೋಹದ ಕಾರ್ಬೊನಿಲ್, ಅಂದರೆ ಲೋಹಕ್ಕೆ ಕಾರ್ಬನ್ ಮಾನಾಕ್ಸೈಡ್ ಅಂಟಿಕೊಂಡ ಸಂಯುಕ್ತಗಳ ಬಗ್ಗೆ ಕೇಳೋಕೆ ಇಷ್ಟು ಜನ ಬಂದಿದ್ದೀರಿ. ಅಟೆಂಡೆನ್ಸ್ ಇದೆಯಂತೆ, ಗೊತ್ತು. ಲೋಹ ತನ್ನ ಎಲೆಕ್ಟ್ರಾನನ್ನು ಕಾರ್ಬೊನಿಲ್ ಕಡೆಗೆ ಬಿಟ್ಟುಕೊಡುವ ಬ್ಯಾಕ್ ಬಾಂಡಿಂಗ್ ನಿಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದಾರೆ, ಮತ್ತೆ ಬೋರ್ಡ್ ಮೇಲೆ ಬರೆಯಲ್ಲ. ನನ್ನ ತಕರಾರು ಒಂದೇ. ಪ್ರಾಜೆಕ್ಟ್ ರಿಪೋರ್ಟ್ ತೆಗೆದರೆ ವೋಲ್ಟೇಜ್ ಏರಿಸಿ ಇಳಿಸಿ ಕರೆಂಟ್ ಅಳೆಯುವ ಸೈಕ್ಲಿಕ್ ವೋಲ್ಟಮೆಟ್ರಿ ಒಂದು ಅಧ್ಯಾಯ, ಇನ್ಫ್ರಾರೆಡ್ ಬೆಳಕಿನಿಂದ ಬಂಧಗಳ ಕಂಪನ ನೋಡುವ ಐಆರ್ ಇನ್ನೊಂದು ಅಧ್ಯಾಯ. ಒಂದಕ್ಕೊಂದು ಸಂಬಂಧವೇ ಇರಲ್ಲ.

ವೋಲ್ಟಮೆಟ್ರಿ ಬ್ಯಾಂಕ್ ಪಾಸ್‌ಬುಕ್ ಇದ್ದ ಹಾಗೆ. ಎಷ್ಟು ಎಲೆಕ್ಟ್ರಾನ್ ಹೋಯ್ತು, ಯಾವಾಗ ಹೋಯ್ತು ಅಂತ ಹೇಳುತ್ತೆ. ಯಾರ ಕೈ ಸೇರಿತು ಅಂತ ಹೇಳಲ್ಲ. ಅದನ್ನು ಹೇಳೋದು ಐಆರ್.

ಮೊದಲು ಒಂದು ಕಥೆ. ಲುಡ್ವಿಗ್ ಮಾಂಡ್ ಜರ್ಮನಿಯವನು, ಇಂಗ್ಲೆಂಡಿನಲ್ಲಿ ಸೋಡಾ ಕಾರ್ಖಾನೆ ನಡೆಸುತ್ತಿದ್ದ. ಅಲ್ಲಿ ನಿಕ್ಕಲ್ ವಾಲ್ವ್‌ಗಳು ಸವೆದು ಸೋರತೊಡಗಿದವು. ನಾವಾದರೆ ಹೊಸ ವಾಲ್ವ್ ತರಿಸಿ ಸುಮ್ನೆ ಆಗುತ್ತಿದ್ದೆವು, ಅಲ್ವಾ? ಈತ ಬಿಡಲಿಲ್ಲ. ಲ್ಯಾಂಗರ್, ಕ್ವಿಂಕೆ ಜೊತೆ ಸೇರಿ ನಿಕ್ಕಲ್ ಪುಡಿಯ ಮೇಲೆ ಕಾರ್ಬನ್ ಮಾನಾಕ್ಸೈಡ್ ಹಾಯಿಸಿದ. ಹೊರಬರುವ ಅನಿಲ ವಿಷ ಅಂತ ಕೊನೆಯಲ್ಲಿ ಉರಿಸಿಬಿಡುತ್ತಿದ್ದರು. ಒಮ್ಮೆ ಆ ಜ್ವಾಲೆಯ ಬಣ್ಣವೇ ಬದಲಾಯಿತು. ತಣ್ಣನೆಯ ಪಿಂಗಾಣಿ ತುಂಡು ಹಿಡಿದರೆ ಅದರ ಮೇಲೆ ನಿಕ್ಕಲ್ ಕಲೆ! ಗಟ್ಟಿ ಲೋಹ ಅನಿಲವಾಗಿ ಹಾರಿ ಬಂದಿತ್ತು. 1890ರಲ್ಲಿ ಪ್ರಕಟಿಸಿದರು. ಆ ಅನಿಲವೇ ನಿಕ್ಕಲ್ ಟೆಟ್ರಾಕಾರ್ಬೊನಿಲ್; ಅದು 43 ಡಿಗ್ರಿಗೆ ಕುದಿಯುತ್ತೆ, ಅಂದರೆ ನಮ್ಮ ಮೇ ತಿಂಗಳ ಮಧ್ಯಾಹ್ನ ಬಾಟಲಿ ತೆರೆದಿಟ್ಟರೆ ಒಲೆಯೇ ಬೇಡ. ನಗಬೇಡಿ, ಘೋರ ವಿಷ ಅದು.

ಕಥೆ ಉದ್ದವಾಯ್ತು. ವಿಷಯಕ್ಕೆ ಬರ್ತೀನಿ. ಐಆರ್ ತೆಗೆದರೆ ಒಂಟಿ ಕಾರ್ಬನ್ ಮಾನಾಕ್ಸೈಡ್ ಪೀಕ್ 2143ರಲ್ಲಿ ಬರುತ್ತೆ; ಅಂಕಿಗಳೆಲ್ಲ ಒಂದು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ಅಲೆ ಅನ್ನುವ ಲೆಕ್ಕ. ಕ್ರೋಮಿಯಂ ಹೆಕ್ಸಾಕಾರ್ಬೊನಿಲ್‌ನಲ್ಲಿ ಸುಮಾರು 2000. ಅಷ್ಟೇ ಎಲೆಕ್ಟ್ರಾನ್, ಆರೇ ಕಾರ್ಬೊನಿಲ್ ಇರುವ ಮ್ಯಾಂಗನೀಸ್ ಧನ ಅಯಾನಿನಲ್ಲಿ 2090ರ ಆಸುಪಾಸು, ವನೇಡಿಯಂ ಋಣ ಅಯಾನಿನಲ್ಲಿ 1860. ಲೋಹದ ಮೇಲೆ ಋಣ ಆವೇಶ ಜಾಸ್ತಿಯಾದಷ್ಟೂ ಅದರ ಎಲೆಕ್ಟ್ರಾನ್ ಕಾರ್ಬೊನಿಲ್‌ನ ಬಂಧ ಸಡಿಲಿಸುವ ಆಂಟಿಬಾಂಡಿಂಗ್ ಆರ್ಬಿಟಲ್‌ಗೆ ಹರಿಯುತ್ತೆ, ಕಾರ್ಬನ್–ಆಮ್ಲಜನಕದ ಬಂಧ ಸಡಿಲಾಗುತ್ತೆ, ಪೀಕ್ ಕೆಳಗಿಳಿಯುತ್ತೆ. ಪೀಕ್ ದೊಡ್ಡದು, ಆ ಜಾಗದಲ್ಲಿ ಬೇರೆ ಪೀಕುಗಳ ಗದ್ದಲವೂ ಕಡಿಮೆ. ಇಷ್ಟಿದ್ದೂ ನಮ್ಮ ಹುಡುಗರು ಈ ಅಂಕಿಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡ್ತಾರೆ ನೋಡಿ, ಅದೇ ನನ್ನ ಹೊಟ್ಟೆಯುರಿ.

ಈಗ ರೀನಿಯಂ ಲೋಹದ ಒಂದು ಸಂಯುಕ್ತ. ಲೋಹಕ್ಕೆ ಅಂಟಿದ್ದು ಬೈಪಿರಿಡಿನ್ ಅನ್ನುವ ಒಂದು ಸಾವಯವ ಅಣು, ಮೂರು ಕಾರ್ಬೊನಿಲ್, ಒಂದು ಕ್ಲೋರೈಡ್. ಇದು ಕರೆಂಟ್ ಕೊಟ್ಟರೆ ಕಾರ್ಬನ್ ಡೈಆಕ್ಸೈಡನ್ನು ಮಾನಾಕ್ಸೈಡ್ ಮಾಡುತ್ತೆ ಅಂತ ಫ್ರಾನ್ಸಿನ ರಸಾಯನ ವಿಜ್ಞಾನಿ ಲೇನ್ ತಂಡ 1984ರಲ್ಲಿ ತೋರಿಸಿತು. ಇದಕ್ಕೊಂದು ಎಲೆಕ್ಟ್ರಾನ್ ಕೊಡಿ. ಎಲ್ಲಿಗೆ ಹೋಯ್ತು? ವೋಲ್ಟಮೆಟ್ರಿ ಬಾಯಿ ಬಿಡಲ್ಲ. ಎರಡು ಕ್ಯಾಲ್ಸಿಯಂ ಫ್ಲೋರೈಡ್ ಕಿಟಕಿಗಳ ನಡುವೆ ತೆಳು ದ್ರಾವಣ, ಅದರೊಳಗೆ ಪ್ಲಾಟಿನಂ ಜಾಲರಿ ಇಟ್ಟು, ಕರೆಂಟ್ ಹರಿಯುವಾಗಲೇ ಐಆರ್ ತೆಗೆಯಿರಿ. 2020ರ ಪೀಕ್ 1998ಕ್ಕೆ ಬರುತ್ತೆ, ಬರೀ 22 ಇಳಿತ. ಲೋಹಕ್ಕೇ ಹೋಗಿದ್ದರೆ ಇಷ್ಟಕ್ಕೆ ನಿಲ್ಲುತ್ತಿರಲಿಲ್ಲ. ಎಲೆಕ್ಟ್ರಾನ್ ಬೈಪಿರಿಡಿನ್ ಮೇಲೆ ಕೂತಿದೆ! ಇನ್ನೊಂದು ಕೊಟ್ಟು ಕ್ಲೋರೈಡ್ ಕಳಚಿದ ಮೇಲೆ ನೋಡಿ, ಅದೇ ಪೀಕ್ 1950ರ ಕೆಳಗೆ.

ಸಮಯ ಮುಗಿಯಿತು ಅಂತ ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಜೀವಿಗಳಲ್ಲಿ ಹೈಡ್ರೋಜನ್ ಅನಿಲವನ್ನು ಮಾಡುವ, ಒಡೆಯುವ ಹೈಡ್ರೋಜನೇಸ್ ಕಿಣ್ವದ ಕಬ್ಬಿಣಕ್ಕೂ ಕಾರ್ಬೊನಿಲ್ ಅಂಟಿಕೊಂಡಿರುತ್ತೆ, ಅದನ್ನು ಹಿಡಿದುಕೊಟ್ಟದ್ದೂ ಐಆರ್. ಅದರ ಸ್ಲೈಡ್‌ಗಳು ಹಾಗೇ ಉಳಿದವು. ಪ್ರಶ್ನೆ ಕೇಳಿ, ಮೊದಲು ವಿದ್ಯಾರ್ಥಿಗಳು, ಮೇಷ್ಟ್ರುಗಳು ಆಮೇಲೆ.