ಹೌದು ಎಂದವರ ಹೆಸರು ಬೇಕು

ಎಲ್ಲರಿಗೂ ನಮಸ್ಕಾರ. ತುರ್ತು ಪರಿಸ್ಥಿತಿಯ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಇಂದಿರಾ ಗಾಂಧಿಯವರನ್ನು ಅರ್ಧ ಗಂಟೆ ಬೈದು ಕೂತರೆ ಚಪ್ಪಾಳೆ ಗ್ಯಾರಂಟಿ. ಆದರೆ ನಾನು ಕೇಳಬೇಕೆಂದು ಬಂದಿರುವುದು ಬೇರೆ. ನಮ್ಮ ಸ್ವಾತಂತ್ರ್ಯ ಕಿತ್ತುಕೊಂಡ ಕಾನೂನುಗಳಿಗೆ ಸದನದಲ್ಲಿ ಹೌದು ಎಂದವರು ಯಾರು? ನನಗೆ ಹೆಸರು ಬೇಕು.

ಬೆಂಗಳೂರಿನ ಕಥೆಯನ್ನೇ ತೆಗೆದುಕೊಳ್ಳಿ. ನಿಮ್ಮಲ್ಲಿ ಹಲವರಿಗೆ ಗೊತ್ತು, ಆದರೂ ಹೇಳುತ್ತೇನೆ, ನನಗೆ ಇಷ್ಟ. 1975ರ ಜೂನ್‌ನಲ್ಲಿ ವಿರೋಧ ಪಕ್ಷಗಳ ನಾಯಕರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಬೆಂಗಳೂರಿಗೆ ಬಂದಿದ್ದರು. ಸಂಸದೀಯ ಸಮಿತಿಯ ಸಭೆ ಇತ್ತು. ಜೂನ್ 26ರಂದು ಪೊಲೀಸರು ಬಂದರು, ನಾಲ್ವರನ್ನೂ ಸೆಂಟ್ರಲ್ ಜೈಲಿಗೆ ಕರೆದುಕೊಂಡು ಹೋದರು. ಈಗ ನಾವು ಧರಣಿ ಕೂರುವ ಫ್ರೀಡಂ ಪಾರ್ಕ್ ಇದೆಯಲ್ಲ, ಅದೇ ಜಾಗ. ಅವರನ್ನು ಹಿಡಿದಿಟ್ಟದ್ದು ಮೀಸಾ ಕಾಯ್ದೆಯಡಿ, ಅಂದರೆ ವಿಚಾರಣೆ ಇಲ್ಲದೆ ಜನರನ್ನು ಒಳಗಿಡುವ ಕಾನೂನು. ಅದು ಆಕಾಶದಿಂದ ಬಿದ್ದದ್ದಲ್ಲ, 1971ರಲ್ಲಿ ಸಂಸತ್ತೇ ಪಾಸು ಮಾಡಿದ್ದು. ಇನ್ನೂ ಮಜಾ ಏನು ಗೊತ್ತಾ? ಅವರು ಚರ್ಚಿಸಲು ಬಂದಿದ್ದ ವಿಷಯ ಪಕ್ಷಾಂತರ ತಡೆಯುವ ಮಸೂದೆ!

ಆ ಕಾನೂನು ಕೊನೆಗೆ ಬಂದದ್ದು 1985ರಲ್ಲಿ. ಆಯಾರಾಂ ಗಯಾರಾಂಗಳನ್ನು ಅದು ಎಷ್ಟು ತಡೆಯಿತು ಅಂತ ಕರ್ನಾಟಕದವರಿಗೆ ನಾನು ಹೇಳಬೇಕಾ? (ನಗಬೇಡಿ, ರೆಸಾರ್ಟ್ ಬಿಲ್ ಯಾರೋ ಕಟ್ಟಿದ್ದಾರೆ.) ಆದರೆ ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಸರ್ಕಾರ ಬೀಳಿಸುವ ಮತಕ್ಕೆ ಈ ನಿಯಮ ಇರಲಿ. ವಿಚಾರಣೆ ಇಲ್ಲದೆ ಜನರನ್ನು ಒಳಗಿಡುವ ಮಸೂದೆಗೂ ಯಾಕೆ ಬೇಕು? 'ಪಕ್ಷ ಹೇಳಿತು, ಗುಂಡಿ ಒತ್ತಿದೆ' ಅನ್ನುವ ಸಬೂಬು ಹೀಗೆ ಸಿಕ್ಕಿತು.

ಒತ್ತಿದರೂ ಪರವಾಗಿಲ್ಲ, ಲೆಕ್ಕವಾದರೂ ಸಿಗುತ್ತೆ. ಲೋಕಸಭೆಯಲ್ಲಿ ಹಸಿರು ಗುಂಡಿ ಹೌದು, ಕೆಂಪು ಇಲ್ಲ, ಹಳದಿ ತಟಸ್ಥ. ಯಾರು ಯಾವುದನ್ನು ಒತ್ತಿದರು ಅನ್ನುವುದು ದಾಖಲಾಗುತ್ತದೆ. ಸಂವಿಧಾನ ತಿದ್ದುಪಡಿಗೆ ತಲೆ ಎಣಿಸಲೇಬೇಕು. ಅದಕ್ಕೇ ತುರ್ತು ಪರಿಸ್ಥಿತಿಯಲ್ಲೇ ತಂದ 1976ರ 42ನೇ ತಿದ್ದುಪಡಿಗೆ ಲೋಕಸಭೆಯಲ್ಲಿ ಪರ 366, ವಿರುದ್ಧ 4 ಅಂತ ಇವತ್ತೂ ಹೇಳಬಹುದು. ಉಳಿದ ಮಸೂದೆಗಳಿಗೆ ಧ್ವನಿಮತ ಸಾಕು. 'ಹೌದು' ಅನ್ನುವ ಗದ್ದಲ ಜೋರಾಗಿದ್ದರೆ ಅಂಗೀಕಾರ. ಗದ್ದಲಕ್ಕೆ ಹೆಸರಿರುತ್ತಾ?

ಇಂಟರ್ನೆಟ್‌ನಲ್ಲಿ ಬರೆದದ್ದಕ್ಕೆ ಜೈಲಿಗೆ ಕಳಿಸುವ, ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಎ ಕಲಂ ಹಾಗೇ ಬಂತು. 2008ರ ಡಿಸೆಂಬರ್, ಗಲಾಟೆ, ಚರ್ಚೆ ಇಲ್ಲ. ಆಮೇಲೆ ಫೇಸ್‌ಬುಕ್‌ನಲ್ಲಿ ಒಂದು ಸಾಲು ಬರೆದವರನ್ನೂ ಪೊಲೀಸರು ಹಿಡಿದರು. 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅಂಗೀಕರಿಸಿದವರನ್ನು ಯಾರೂ ಏನೂ ಕೇಳಲಿಲ್ಲ. ನಮ್ಮಲ್ಲೂ ಅಷ್ಟೇ. 2021ರಲ್ಲಿ ಬೆಳಗಾವಿಯ ಸುವರ್ಣಸೌಧದಲ್ಲಿ ಮತಾಂತರ ನಿಷೇಧ ಮಸೂದೆ ವಿಧಾನಸಭೆ ದಾಟಿದ್ದು ಗದ್ದಲದ ಮಧ್ಯೆ, ಧ್ವನಿಮತದಲ್ಲೇ. ನೀವು ಆ ಮಸೂದೆಯ ಪರ ಇರಿ, ವಿರುದ್ಧ ಇರಿ, ಹೆಸರು ಬೇಕೋ ಬೇಡವೋ?

ಭಯೋತ್ಪಾದನೆ ತಡೆಗೆ ಅಂತ ಬಳಸುವ ಯುಎಪಿಎ ಕಾಯ್ದೆ ನೋಡಿ. ವಿಚಾರಣೆಗೆ ಮೊದಲೇ ಒಬ್ಬ ವ್ಯಕ್ತಿಯನ್ನು ಭಯೋತ್ಪಾದಕ ಎಂದು ಘೋಷಿಸುವ ಅಧಿಕಾರವನ್ನು 2019ರಲ್ಲಿ ಸರ್ಕಾರಕ್ಕೆ ಕೊಟ್ಟರು. ಲೋಕಸಭೆಯಲ್ಲಿ ಎಣಿಕೆ ಆಯಿತು: 287ಕ್ಕೆ 8. ಕಾಂಗ್ರೆಸ್ ಸಭಾತ್ಯಾಗ ಮಾಡಿತು. ಕೆಲವೇ ದಿನಕ್ಕೆ ರಾಜ್ಯಸಭೆಯಲ್ಲಿ ಅದೇ ಪಕ್ಷ ಪರವಾಗಿ ಮತ ಹಾಕಿತು. ಎಣಿಸಿದ್ದರಿಂದ ತಾನೇ ಇದು ಗೊತ್ತಾದದ್ದು? ಇಲ್ಲದಿದ್ದರೆ ಹೊರಗೆ ಬಂದು ಎಲ್ಲರೂ ಸ್ವಾತಂತ್ರ್ಯದ ಹೋರಾಟಗಾರರೇ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷವಂತೆ. ಚಳಿಗಾಲದ ಅಧಿವೇಶನ, ಸ್ಥಾಯಿ ಸಮಿತಿಗಳು, ಎಲ್ಲ ಬಿಟ್ಟೆ. ಒಂದು ಕೆಲಸ ಮಾತ್ರ ಹೇಳುತ್ತೇನೆ. ಸಂಸದರು ನಿಮ್ಮೂರಿಗೆ ಬಸ್ ಶೆಲ್ಟರ್ ಉದ್ಘಾಟನೆಗೆ ಬಂದಾಗ ಹಾರ ಹಾಕಿ, ಬೇಡ ಅನ್ನಲ್ಲ. ಆಮೇಲೆ ಒಂದು ಮಸೂದೆಯ ಹೆಸರು ಹಿಡಿದು ಕೇಳಿ: 'ಸರ್, ಇದಕ್ಕೆ ಧ್ವನಿಮತ ಸಾಲದು, ಎಣಿಸಿ ಅಂತ ನೀವು ಎದ್ದು ಕೇಳಿದ್ರಾ?' ಕೇಳುವ ಹಕ್ಕು ಒಬ್ಬ ಸದಸ್ಯನಿಗೂ ಇದೆ. ಉತ್ತರ ಏನೇ ಬರಲಿ, ಅಲ್ಲೇ ಬರೆದುಕೊಳ್ಳಿ. ಆಯ್ತು ಅಧ್ಯಕ್ಷರೇ, ಮೈಕು ನಿಮಗೇ ಕೊಟ್ಟೆ.