ದುಡ್ಡು ಜನರದ್ದು, ಜುಟ್ಟು ಸರ್ಕಾರದ ಕೈಯಲ್ಲಿ: ಬಿಬಿಸಿ ಲೈಸೆನ್ಸ್ ಫೀ ಕಥೆ

[ಪರದೆ ಮೇಲೆ: ಬಾಗಿಲ ಹಿಂದೆ ನೆಲದ ಮೇಲೆ ಬಿದ್ದಿರುವ ಲಕೋಟೆ]

ಇಂಗ್ಲೆಂಡಿಗೆ ಓದೋಕೆ ಹೋಗಿರುವ ನಿಮ್ಮ ಕಡೆಯ ಹುಡುಗರನ್ನೋ ಹುಡುಗಿಯರನ್ನೋ ಕೇಳಿ ನೋಡಿ. ರೂಮು ಹಿಡಿದು ಸ್ವಲ್ಪ ದಿನ ಆಗಿರುತ್ತದೆ, ಬಾಗಿಲ ಸಂದಿಯಿಂದ ಒಂದು ಕಾಗದ ಒಳಗೆ ಬೀಳುತ್ತದೆ. ಅದರ ಮೇಲೆ ಯಾರ ಹೆಸರೂ ಇರುವುದಿಲ್ಲ. ಕಾನೂನು ಪ್ರಕಾರ ಈ ವಿಳಾಸದಲ್ಲಿ ವಾಸ ಇರುವವರಿಗೆ ಅಂತ ಬರೆದಿರುತ್ತದೆ. ಒಳಗಿನ ವಿಷಯ ಇಷ್ಟೇ: ಈ ವಿಳಾಸಕ್ಕೆ ಟಿವಿ ಲೈಸೆನ್ಸ್ ಇಲ್ಲ, ನೀವು ಟಿವಿ ನೋಡುತ್ತಿದ್ದರೆ ಕೂಡಲೇ ದುಡ್ಡು ಕಟ್ಟಿ. ಸುಮ್ನೆ ಬಿಟ್ಟರೆ ಇನ್ನೊಂದು ಬರುತ್ತದೆ. ಅದರ ದನಿ ಇನ್ನೂ ಗಡುಸು.

ರೂಮಲ್ಲಿ ಟಿವಿನೇ ಇಲ್ಲವಲ್ಲ ಅಂತ ನೀವು ಕೇಳಬಹುದು. ಟಿವಿ ಪೆಟ್ಟಿಗೆ ಇರಲೇಬೇಕು ಅಂತೇನೂ ಇಲ್ಲ. ಫೋನಲ್ಲಾಗಲಿ ಲ್ಯಾಪ್‌ಟಾಪಲ್ಲಾಗಲಿ, ಯಾವುದೇ ಚಾನೆಲನ್ನು ಲೈವ್ ಆಗಿ ನೋಡಿದರೆ ಲೈಸೆನ್ಸ್ ಬೇಕು. ಬಿಬಿಸಿಯ ಐಪ್ಲೇಯರ್ ಆ್ಯಪಿನಲ್ಲಿ ಹಳೇ ಕಾರ್ಯಕ್ರಮ ನೋಡೋದಕ್ಕೂ 2016ರ ಸೆಪ್ಟೆಂಬರ್‌ನಿಂದ ಬೇಕು. ನೆಟ್‌ಫ್ಲಿಕ್ಸ್‌ನಲ್ಲಿ ಸಿನಿಮಾ ನೋಡೋದಕ್ಕೆ ಮಾತ್ರ ಬೇಡ. ತಮಾಷೆ ಏನು ಗೊತ್ತಾ? ಲಂಡನ್ನಿನಲ್ಲಿ ಕೂತು ಆ್ಯಪಿನಲ್ಲಿ ಕನ್ನಡ ಚಾನೆಲ್ ಲೈವ್ ಹಾಕಿಕೊಂಡರೂ ಲೈಸೆನ್ಸ್ ಬೇಕು. ನೋಡೋದು ಕನ್ನಡ ಸೀರಿಯಲ್, ದುಡ್ಡು ಹೋಗೋದು ಬಿಬಿಸಿಗೆ!

2025ರ ಏಪ್ರಿಲ್‌ನಲ್ಲಿ ನಿಗದಿಯಾದ ರೇಟು ವರ್ಷಕ್ಕೆ 174.50 ಪೌಂಡ್. ನಮ್ಮ ಲೆಕ್ಕದಲ್ಲಿ ಸುಮಾರು 20 ಸಾವಿರ ರೂಪಾಯಿ. ಲೈಸೆನ್ಸ್ ಇಲ್ಲದೆ ನೋಡಿ ಸಿಕ್ಕಿಬಿದ್ದರೆ ಅದು ಕ್ರಿಮಿನಲ್ ಕೇಸು, 1,000 ಪೌಂಡ್‌ವರೆಗೆ ದಂಡ. ವಿದ್ಯಾರ್ಥಿಗಳಿಗೆ ಒಂದು ಮಾತು: ಕಟ್ಟಿದ್ದರೆ, ಕೋರ್ಸ್ ಮುಗಿಸಿ ರೂಮು ಖಾಲಿ ಮಾಡುವಾಗ ಉಳಿದ ತಿಂಗಳುಗಳ ದುಡ್ಡನ್ನು ವಾಪಸ್ ಕೇಳಬಹುದು. ಕೇಳಿ ಮತ್ತೆ, ಸುಮ್ನೆ ಬಿಡಬೇಡಿ.

ಸರಿ. ಬಡವ ಬಲ್ಲಿದ ಅನ್ನದೆ ಎಲ್ಲರಿಂದಲೂ ಒಂದೇ ರೇಟಿನಲ್ಲಿ ವಸೂಲಿ ಮಾಡುವ ಇಂಥ ಪದ್ಧತಿ ಯಾಕೆ ಬಂತು? ಇದನ್ನು ಸಮರ್ಥಿಸುವವರು ಕೊಡೋ ದೊಡ್ಡ ಕಾರಣ, ಬಿಬಿಸಿಗೆ ಸರ್ಕಾರದ ಹಂಗು ಇರಬಾರದು ಅಂತ. ಬೊಕ್ಕಸದಿಂದ ದುಡ್ಡು ಬಂದರೆ ಮಂತ್ರಿ ಮಾತು ಕೇಳಬೇಕು, ಜಾಹೀರಾತಿನಿಂದ ಬಂದರೆ ಕಂಪನಿ ಮಾತು ಕೇಳಬೇಕು. ಮನೆಮನೆಯಿಂದ ಬಂದರೆ ಯಾರ ಮಾತೂ ಕೇಳಬೇಕಾಗಿಲ್ಲ. ಕಾಗದದ ಮೇಲೆ ಚೆನ್ನಾಗಿದೆ ಅಲ್ವಾ? ಆದರೆ ರೇಟು ನಿಗದಿ ಮಾಡೋದು ಯಾರು? ಸರ್ಕಾರ. ಬಿಬಿಸಿ ಬದುಕಿರೋದು ರಾಜನ ಹೆಸರಿನ ಚಾರ್ಟರ್, ಅಂದರೆ ಸನದಿನ ಮೇಲೆ. ಅದರ ಷರತ್ತುಗಳನ್ನು ಹತ್ತು ವರ್ಷಕ್ಕೋ ಹನ್ನೊಂದು ವರ್ಷಕ್ಕೋ ಒಮ್ಮೆ ಬರೆಯೋದು ಯಾರು? ಸರ್ಕಾರ. ಬಿಬಿಸಿ ಅಧ್ಯಕ್ಷರನ್ನು ಆರಿಸೋದು? ಅದೂ ಸರ್ಕಾರವೇ.

ಇವತ್ತಿನ ವಿಡಿಯೋ ಈ ಜುಟ್ಟಿನ ಬಗ್ಗೆ.

[ಪರದೆ ಮೇಲೆ: 1922]

1922ರ ನವೆಂಬರ್‌ನಲ್ಲಿ ಲೈಸೆನ್ಸ್ ಶುರುವಾದಾಗ ಅದು ಬರೀ ರೇಡಿಯೋಗೆ. ವರ್ಷಕ್ಕೆ 10 ಶಿಲಿಂಗ್. ಆಗ ಬಿಬಿಸಿ ರೇಡಿಯೋ ತಯಾರಕರು ಸೇರಿ ಕಟ್ಟಿದ ಒಂದು ಖಾಸಗಿ ಕಂಪನಿ. 1926ರ ಮೇ ತಿಂಗಳಲ್ಲಿ ಬ್ರಿಟನ್ನಿನಲ್ಲಿ ದೊಡ್ಡ ಸಾರ್ವತ್ರಿಕ ಮುಷ್ಕರ ಆಯಿತು. ಪೇಪರುಗಳು ಹೆಚ್ಚುಕಡಿಮೆ ನಿಂತೇ ಹೋದವು. ಸುದ್ದಿ ಬೇಕು ಅಂದರೆ ಉಳಿದದ್ದು ರೇಡಿಯೋ. ಆಗ ಹಣಕಾಸು ಮಂತ್ರಿಯಾಗಿದ್ದ ಚರ್ಚಿಲ್, ಬಿಬಿಸಿಯನ್ನು ಸರ್ಕಾರವೇ ವಶಕ್ಕೆ ತೆಗೆದುಕೊಳ್ಳಲಿ ಅಂತ ಪಟ್ಟು ಹಿಡಿದರು. ಪ್ರಧಾನಿ ಬಾಲ್ಡ್‌ವಿನ್ ಒಪ್ಪಲಿಲ್ಲ. ಬಿಬಿಸಿ ಉಳಿಯಿತು. ಆದರೆ ಮುಷ್ಕರದ ಹೊತ್ತಿನಲ್ಲಿ ವಿರೋಧ ಪಕ್ಷದ ನಾಯಕರಿಗೆ ಮೈಕ್ ಸಿಗಲಿಲ್ಲ. ರಾಜಿ ಮಾಡಿಕೊಳ್ಳಿ ಅಂತ ಹೇಳಹೊರಟ, ಇಂಗ್ಲೆಂಡ್ ಚರ್ಚಿನ ಹಿರಿಯ ಧರ್ಮಗುರು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರನ್ನೂ ಕೆಲವು ದಿನ ತಡೆದರು. ಬಿಬಿಸಿಯನ್ನು ಕಟ್ಟಿದ ಜಾನ್ ರೀತ್ ಆ ದಿನಗಳಲ್ಲಿ ತಮ್ಮ ಡೈರಿಯಲ್ಲಿ ಬರೆದುಕೊಂಡ ಮಾತಿನ ತಾತ್ಪರ್ಯ ಏನು ಅಂದರೆ, ನಾವು ನಿಜಕ್ಕೂ ನಿಷ್ಪಕ್ಷಪಾತವಾಗಿ ಇರೋದಿಲ್ಲ ಅನ್ನೋ ಭರವಸೆ ಸರ್ಕಾರಕ್ಕೆ ಇದೆ ಅಂತ. ಮಾರನೇ ವರ್ಷ, 1927ರ ಜನವರಿ 1ರಂದು, ಬಿಬಿಸಿ ಚಾರ್ಟರ್ ಪಡೆದ ಸಾರ್ವಜನಿಕ ಸಂಸ್ಥೆಯಾಯಿತು. ವಶಪಡಿಸಿಕೊಳ್ಳದೆಯೇ ಕೆಲಸ ಆಗುತ್ತದೆ ಅಂತ ಸರ್ಕಾರಕ್ಕೆ ಅವತ್ತೇ ಗೊತ್ತಾಯಿತು ಅಂತ ನನಗೆ ಅನಿಸುತ್ತದೆ.

ಮುಂದೆ 1946ರಲ್ಲಿ ಟಿವಿ ಲೈಸೆನ್ಸ್ ಬಂತು, 1968ರಲ್ಲಿ ಕಲರ್ ಟಿವಿಗೆ ಬೇರೆ ರೇಟು, 1971ರಲ್ಲಿ ರೇಡಿಯೋ ಲೈಸೆನ್ಸ್ ರದ್ದು. ನಡುವೆ 1956ರಲ್ಲಿ ಸೂಯೆಜ್ ಕಾಲುವೆಗಾಗಿ ಬ್ರಿಟನ್ ಈಜಿಪ್ಟ್ ಮೇಲೆ ದಾಳಿ ಮಾಡಿದಾಗ, ಬಿಬಿಸಿಯವರು ವಿರೋಧ ಪಕ್ಷದ ನಾಯಕರಿಗೂ ಮಾತಾಡಲು ಬಿಟ್ಟರು ಅಂತ ಪ್ರಧಾನಿ ಈಡನ್ ಕೆಂಡವಾಗಿದ್ದರು. ಇದೆಲ್ಲ ಬೇಗ ದಾಟೋಣ. ಈ ಜಗಳವನ್ನು ಹತ್ತಿರದಿಂದ ನೋಡಬೇಕು ಅಂದರೆ ಒಂದೇ ವರ್ಷ ಸಾಕು.

[ಪರದೆ ಮೇಲೆ: 1985]

ಪ್ರಧಾನಿ ಕನ್ಸರ್ವೇಟಿವ್ ಪಕ್ಷದ ಮಾರ್ಗರೆಟ್ ಥ್ಯಾಚರ್. ಬಿಬಿಸಿ ಕಂಡರೆ ಅವರಿಗೆ ಆಗುತ್ತಿರಲಿಲ್ಲ. 1982ರಲ್ಲಿ ಅರ್ಜೆಂಟೀನಾ ಜೊತೆ ನಡೆದ ಫಾಕ್‌ಲೆಂಡ್ಸ್ ಯುದ್ಧದಲ್ಲಿ ಬಿಬಿಸಿಯವರು 'ನಮ್ಮ ಸೈನಿಕರು' ಅನ್ನದೆ 'ಬ್ರಿಟಿಷ್ ಸೈನಿಕರು' ಅಂತ ಹೇಳುತ್ತಿದ್ದರು. ಅದಕ್ಕೇ ಆಡಳಿತ ಪಕ್ಷ ಕೆರಳಿತ್ತು. (ಇಂಥ ಸಿಟ್ಟು ನಮಗೂ ಗೊತ್ತಿರೋದೇ, ಬಿಡಿ.)

ಆಗ ಲೈಸೆನ್ಸ್ ರೇಟು ನಿಗದಿ ಮಾಡುತ್ತಿದ್ದದ್ದು ಗೃಹ ಮಂತ್ರಿ. ಹೆಸರು ಲಿಯಾನ್ ಬ್ರಿಟನ್. ಬಿಬಿಸಿ ಅವರ ಹತ್ತಿರ 65 ಪೌಂಡ್ ಮಾಡಿ ಅಂತ ಕೇಳಿತು. 1985ರ ಮಾರ್ಚ್‌ನಲ್ಲಿ ಅವರು ಕೊಟ್ಟದ್ದು 58. ಅದರ ಜೊತೆಗೇ ಒಂದು ಸಮಿತಿಯೂ ಬಂತು. ಅಲನ್ ಪೀಕಾಕ್ ಅನ್ನೋ ಅರ್ಥಶಾಸ್ತ್ರಜ್ಞರು ಅದರ ಅಧ್ಯಕ್ಷರು. ಲೈಸೆನ್ಸ್ ತೆಗೆದು ಜಾಹೀರಾತು ತಂದರೆ ಹೇಗೆ ಅಂತ ನೋಡೋದು ಸಮಿತಿಯ ಕೆಲಸ.

ಅದೇ ವರ್ಷ ಬೇಸಿಗೆಯಲ್ಲಿ ಬಿಬಿಸಿ ಒಂದು ಸಾಕ್ಷ್ಯಚಿತ್ರ ತಯಾರು ಮಾಡಿ ಇಟ್ಟುಕೊಂಡಿತ್ತು. ಉತ್ತರ ಐರ್ಲೆಂಡಿನ ಇಬ್ಬರು ಎದುರಾಳಿ ರಾಜಕಾರಣಿಗಳ ದಿನನಿತ್ಯದ ಬದುಕು ಅದರ ವಿಷಯ. ಅವರಲ್ಲಿ ಒಬ್ಬರು ಶಿನ್ ಫೇನ್ ಪಕ್ಷದ ಮಾರ್ಟಿನ್ ಮೆಕ್‌ಗಿನ್ನೆಸ್, ಬ್ರಿಟಿಷ್ ಆಳ್ವಿಕೆ ವಿರುದ್ಧ ಬಂದೂಕು ಹಿಡಿದಿದ್ದ ಐಆರ್‌ಎ ಸಂಘಟನೆ ಜೊತೆ ನಂಟು ಇದ್ದವರು. ಇನ್ನೊಬ್ಬರು ಬ್ರಿಟನ್ ಜೊತೆಗೇ ಇರಬೇಕು ಅನ್ನುವ ಬಣದ ಗ್ರೆಗರಿ ಕ್ಯಾಂಪ್‌ಬೆಲ್. ಭಯೋತ್ಪಾದಕರಿಗೆ ಪ್ರಚಾರದ ಉಸಿರು ಸಿಗದಂತೆ ಮಾಡಬೇಕು ಅಂತ ಥ್ಯಾಚರ್ ಆಗಷ್ಟೇ ಹೇಳಿದ್ದರು. ಲಿಯಾನ್ ಬ್ರಿಟನ್ ಆ ಚಿತ್ರವನ್ನು ನೋಡಿರಲಿಲ್ಲ. ಆದರೂ ಪ್ರಸಾರ ಮಾಡಬೇಡಿ ಅಂತ ಬಿಬಿಸಿಗೆ ಕಾಗದ ಬರೆದರು. ಗಮನಿಸಿ, ಅದು ಆದೇಶ ಅಲ್ಲ, ವಿನಂತಿ. ಆದರೆ ವಿನಂತಿ ಮಾಡುತ್ತಿರುವ ಕೈ, ಕೆಲವೇ ತಿಂಗಳ ಹಿಂದೆ 65 ಕೇಳಿದಾಗ 58 ಕೊಟ್ಟ ಕೈ.

ಬಿಬಿಸಿಯ ಆಡಳಿತ ಮಂಡಳಿ ಕೂತು ಚಿತ್ರ ನೋಡಿತು. ತಡೆಯಿತು. ಆಗಸ್ಟ್‌ನಲ್ಲಿ ಬಿಬಿಸಿ ಪತ್ರಕರ್ತರು ಒಂದು ದಿನ ಕೆಲಸ ನಿಲ್ಲಿಸಿದರು. ಪೈಪೋಟಿಯ ಚಾನೆಲ್‌ನ ಪತ್ರಕರ್ತರೂ ಅವರ ಜೊತೆ ನಿಂತರು! ಕೊನೆಗೆ ಸಣ್ಣಪುಟ್ಟ ಬದಲಾವಣೆ ಮಾಡಿ ಅಕ್ಟೋಬರ್‌ನಲ್ಲಿ ಅದೇ ಚಿತ್ರವನ್ನು ತೋರಿಸಿದರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಪೀಕಾಕ್ ಸಮಿತಿ ಏನಾಯಿತು? ಅದು 1986ರಲ್ಲಿ ವರದಿ ಕೊಟ್ಟಿತು, ಜಾಹೀರಾತು ಬೇಡ ಅಂತ! ಥ್ಯಾಚರ್ ಅವರೇ ನೇಮಿಸಿದ ಸಮಿತಿ, ಮುಕ್ತ ಮಾರುಕಟ್ಟೆಯನ್ನು ನಂಬುವ ಅಧ್ಯಕ್ಷರು, ಆದರೂ ಉತ್ತರ ಅದು. ಇರುವ ಜಾಹೀರಾತು ದುಡ್ಡಿಗೇ ಬಿಬಿಸಿಯೂ ಕೈ ಚಾಚಿದರೆ ಎಲ್ಲ ಚಾನೆಲ್‌ಗಳೂ ಒಂದೇ ಥರ ಆಗುತ್ತವೆ ಅನ್ನೋದು ಅವರ ವಾದ. ಖಾಸಗಿ ಚಾನೆಲ್‌ನವರಿಗೂ ಒಳಗೊಳಗೇ ಖುಷಿ, ಅವರ ಪಾಲು ಉಳಿಯಿತಲ್ಲ. ಆದರೆ 1987ರ ಜನವರಿಯಲ್ಲಿ ಬಿಬಿಸಿ ಮಹಾನಿರ್ದೇಶಕ ಅಲಸ್‌ಡೇರ್ ಮಿಲ್ನ್ ಅವರಿಂದ ರಾಜೀನಾಮೆ ಬರೆಸಿಕೊಂಡರು. ಬರೆಸಿಕೊಂಡವರು ಸರ್ಕಾರ ಹೊಸದಾಗಿ ನೇಮಿಸಿದ್ದ ಅಧ್ಯಕ್ಷರು. ಮಂತ್ರಿ ನೇರವಾಗಿ ಕೈ ಹಾಕಬೇಕಾಗಿಯೇ ಇಲ್ಲ, ನೋಡಿ.

2003ರಲ್ಲಿ ಇರಾಕ್ ಯುದ್ಧದ ದಾಖಲೆಗಳ ವಿಷಯಕ್ಕೆ ಟೋನಿ ಬ್ಲೇರ್ ಅವರ ಲೇಬರ್ ಸರ್ಕಾರದ ಜೊತೆ ಇನ್ನೂ ದೊಡ್ಡ ಜಟಾಪಟಿ ಆಯಿತು. 2004ರ ಜನವರಿಯಲ್ಲಿ ಅದರ ತನಿಖೆ ಮಾಡಿದ ನ್ಯಾಯಾಧೀಶ ಹಟನ್ ಅವರ ವರದಿ ಬಂದ ಮೇಲೆ ಬಿಬಿಸಿ ಅಧ್ಯಕ್ಷರೂ ಮಹಾನಿರ್ದೇಶಕರೂ ಇಬ್ಬರೂ ಹೋದರು. ಅದಕ್ಕೇ ಬೇರೆ ವಿಡಿಯೋ ಬೇಕು. ಆದರೆ ಪಕ್ಷ ಯಾವುದಾದರೂ ಅಷ್ಟೇ ಅನ್ನೋದು ನೆನಪಿರಲಿ.

[ಪರದೆ ಮೇಲೆ: 2010, 2015]

ಈಗ ನನ್ನ ಪ್ರಕಾರ ಎಲ್ಲಕ್ಕಿಂತ ಜಾಣತನದ ಅಧ್ಯಾಯ. ಇದರಲ್ಲಿ ಕೂಗಾಟ ಇಲ್ಲ, ಬರೀ ಲೆಕ್ಕ.

2010ರ ಅಕ್ಟೋಬರ್‌ನಲ್ಲಿ ಕೆಲವೇ ದಿನಗಳ ಮಾತುಕತೆಯಲ್ಲಿ ಫೀಸನ್ನು 145.50 ಪೌಂಡಿಗೆ ನಿಲ್ಲಿಸಿದರು. 2017ರವರೆಗೆ ಏರಿಕೆ ಇಲ್ಲ. ಅಷ್ಟೇ ಅಲ್ಲ, ಅಲ್ಲಿಯವರೆಗೆ ವಿದೇಶಾಂಗ ಇಲಾಖೆ ಕೊಡುತ್ತಿದ್ದ ವರ್ಲ್ಡ್ ಸರ್ವಿಸ್ (ಬೇರೆ ದೇಶಗಳಿಗಾಗಿ ಬಿಬಿಸಿ ನಡೆಸುವ ಸೇವೆ) ಖರ್ಚನ್ನೂ, ವೇಲ್ಸ್ ಭಾಷೆಯ ಚಾನೆಲ್ಲಿನ ಹೆಚ್ಚಿನ ಖರ್ಚನ್ನೂ, ಹಳ್ಳಿಗಳ ಬ್ರಾಡ್‌ಬ್ಯಾಂಡಿಗೆ ಒಂದಿಷ್ಟನ್ನೂ ಲೈಸೆನ್ಸ್ ದುಡ್ಡಿನ ತಲೆಗೆ ಕಟ್ಟಿದರು. ಆಮೇಲೆ 2015. 75 ದಾಟಿದವರಿಗೆ ಲೈಸೆನ್ಸ್ ಪುಕ್ಕಟೆ ಅಂತ ಹಿಂದಿನ ಸರ್ಕಾರ ಮಾಡಿದ್ದ ಯೋಜನೆ ಇತ್ತು. ಅದರ ದುಡ್ಡು ಸರ್ಕಾರವೇ ಬಿಬಿಸಿಗೆ ಕಟ್ಟಿಕೊಡುತ್ತಿತ್ತು. ಹಣಕಾಸು ಮಂತ್ರಿ ಜಾರ್ಜ್ ಆಸ್ಬರ್ನ್, ಇನ್ನು ಮೇಲೆ ಆ ಖರ್ಚು ಬಿಬಿಸಿಯದ್ದೇ ಅಂದರು. ವರ್ಷಕ್ಕೆ 70 ಕೋಟಿ ಪೌಂಡಿಗಿಂತ ಜಾಸ್ತಿ! ಇದಾದ ಮೇಲೂ 2017ರ ಚುನಾವಣೆಯಲ್ಲಿ ಆಸ್ಬರ್ನ್ ಅವರ ಅದೇ ಕನ್ಸರ್ವೇಟಿವ್ ಪಕ್ಷ, ವಯಸ್ಸಾದವರ ಪುಕ್ಕಟೆ ಲೈಸೆನ್ಸ್ ಮುಂದುವರಿಸುತ್ತೇವೆ ಅಂತ ಪ್ರಣಾಳಿಕೆಯಲ್ಲಿ ಬರೆಯಿತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

2020ರ ಆಗಸ್ಟ್‌ನಲ್ಲಿ ಬಿಬಿಸಿ, ಪೆನ್ಷನ್ ಕ್ರೆಡಿಟ್ ಪಡೆಯುವ ಬಡ ಹಿರಿಯರಿಗೆ ಮಾತ್ರ ಪುಕ್ಕಟೆ ಅಂದಾಗ ಬೈಗುಳ ಬಿದ್ದದ್ದು ಯಾರಿಗೆ? ಬಿಬಿಸಿಗೆ. ಸವಲತ್ತು ಕೊಟ್ಟ ಹೆಸರು ಸರ್ಕಾರಕ್ಕೆ, ಕಿತ್ತುಕೊಂಡ ಹೆಸರು ಬಿಬಿಸಿಗೆ.

ಹಾಗಂತ ಬಿಬಿಸಿ ಬಡಪಾಯಿ, ಲೈಸೆನ್ಸ್ ಪದ್ಧತಿ ಪುಣ್ಯದ್ದು ಅಂತ ನಾನು ಹೇಳುತ್ತಿಲ್ಲ. ಇದರಲ್ಲಿ ಕೇಸು ಹಾಕಿಸಿಕೊಂಡು ದಂಡ ಕಟ್ಟುವವರಲ್ಲಿ ಹೆಂಗಸರದ್ದೇ ಸಿಂಹಪಾಲು. ಕಾರಣ ಸರಳ. ತನಿಖೆಯವರು ಬಾಗಿಲು ತಟ್ಟುವ ಹೊತ್ತಿಗೆ ಮನೆಯಲ್ಲಿ ಇರುವವರು, ಬಾಗಿಲು ತೆಗೆಯುವವರು ಜಾಸ್ತಿ ಅವರೇ. ವಾರಂಟ್ ಇಲ್ಲದೆ ತನಿಖೆಯವರನ್ನು ಒಳಗೆ ಬಿಡಬೇಕಾಗಿಲ್ಲ ಅನ್ನೋದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ಒಂಟಿ ತಾಯಂದಿರಿಗೂ ಕೋಟ್ಯಧಿಪತಿಗೂ ಒಂದೇ ರೇಟು ಅನ್ನೋದು ನನಗಂತೂ ಸರಿ ಕಾಣುವುದಿಲ್ಲ. ಇದನ್ನು ಕ್ರಿಮಿನಲ್ ಕೇಸಿನಿಂದ ಹೊರಗೆ ತರುತ್ತೇವೆ ಅಂತ ಬೋರಿಸ್ ಜಾನ್ಸನ್ ಸರ್ಕಾರ 2020ರಲ್ಲಿ ಹೊರಟಿತು. ಒಂದು ವರ್ಷ ಚರ್ಚೆ ಮಾಡಿ, ಸದ್ಯಕ್ಕೆ ಬೇಡ, ಆದರೆ ವಿಷಯ ಕೈಬಿಟ್ಟಿಲ್ಲ ಅಂದಿತು. ಬೆತ್ತ ಬೀಸಲಿಲ್ಲ, ಗೋಡೆಗೆ ನೇತುಹಾಕಿತು.

2022ರ ಜನವರಿಯಲ್ಲಿ ಸಂಸ್ಕೃತಿ ಮಂತ್ರಿ ನದೀನ್ ಡಾರಿಸ್, ಲೈಸೆನ್ಸ್ ಫೀ ಬಗ್ಗೆ ಇದೇ ಕೊನೆಯ ಘೋಷಣೆ ಅಂತ ಟ್ವೀಟ್ ಮಾಡಿದರು. ಎರಡು ವರ್ಷ 159 ಪೌಂಡಿನಲ್ಲೇ ನಿಲ್ಲಿಸಿದರು, ಅದೂ ಬೆಲೆಗಳು ಗಗನಕ್ಕೆ ಏರುತ್ತಿದ್ದ ಹೊತ್ತಿನಲ್ಲಿ. ಡಾರಿಸ್ ಅದೇ ವರ್ಷ ಮಂತ್ರಿಗಿರಿ ಬಿಟ್ಟರು. ಫೀಸು ಉಳಿಯಿತು. 2023ರ ಏಪ್ರಿಲ್‌ನಲ್ಲಿ ಬಿಬಿಸಿ ಅಧ್ಯಕ್ಷ ರಿಚರ್ಡ್ ಶಾರ್ಪ್ ರಾಜೀನಾಮೆ ಕೊಟ್ಟರು. ಪ್ರಧಾನಿ ಜಾನ್ಸನ್‌ಗೆ ಸಾಲದ ಏರ್ಪಾಡು ಆಗುವಾಗ ತಾವು ನಡುವೆ ಪರಿಚಯ ಮಾಡಿಸಿಕೊಡಲು ಹೊರಟಿದ್ದನ್ನು ಅವರು ನೇಮಕದ ಹೊತ್ತಿನಲ್ಲಿ ಹೇಳಿರಲಿಲ್ಲ. ಅವರನ್ನು ನೇಮಿಸಿದ್ದು ಅದೇ ಪ್ರಧಾನಿಯ ಸರ್ಕಾರ.

ಕನ್ನಡಿಗರಿಗೆ ಇದರಲ್ಲಿ ಒಂದು ನೇರ ಎಳೆ ಇದೆ. 2017ರಲ್ಲಿ ಬಿಬಿಸಿ ವರ್ಲ್ಡ್ ಸರ್ವಿಸ್ ತೆಲುಗು, ಮರಾಠಿ, ಗುಜರಾತಿ, ಪಂಜಾಬಿ ಸೇವೆಗಳನ್ನು ಶುರು ಮಾಡಿತು. ಕನ್ನಡ ಪಟ್ಟಿಯಲ್ಲಿ ಇರಲಿಲ್ಲ. ಆ ವಿಸ್ತರಣೆಗೆ ದುಡ್ಡು ಬಂದದ್ದು ಲೈಸೆನ್ಸ್ ಫೀಯಿಂದ ಅಲ್ಲ, ಬ್ರಿಟಿಷ್ ಸರ್ಕಾರದ ಅನುದಾನದಿಂದ. 2010ರಲ್ಲಿ ಕಿತ್ತುಕೊಂಡದ್ದನ್ನೇ ಸ್ವಲ್ಪ ಸ್ವಲ್ಪವಾಗಿ ವಾಪಸ್ ಕೊಟ್ಟ ಹಾಗಾಯಿತು.

[ಪರದೆ ಮೇಲೆ: 2027ರ ಡಿಸೆಂಬರ್ 31]

ಈಗಿನ ಚಾರ್ಟರ್ ಅವತ್ತಿಗೆ ಮುಗಿಯುತ್ತದೆ. ಲೈಸೆನ್ಸ್ ಬದಲು ಏನು ಅನ್ನೋದೇ ದೊಡ್ಡ ಚರ್ಚೆ. ಚಂದಾ ಮಾಡಿದರೆ ಕಟ್ಟದವರಿಗೆ ಸುದ್ದಿ ಇಲ್ಲ. ತೆರಿಗೆಯಿಂದ ಕೊಟ್ಟರೆ ಪ್ರತಿ ಬಜೆಟ್ಟಿಗೂ ಕೈ ಚಾಚಬೇಕು. ಫ್ರಾನ್ಸ್ 2022ರಲ್ಲಿ ಲೈಸೆನ್ಸ್ ತೆಗೆದು ವ್ಯಾಟ್ ತೆರಿಗೆಯ ಒಂದು ಪಾಲು ಕೊಡುತ್ತಿದೆ. ನಮ್ಮಲ್ಲೂ ರೇಡಿಯೋ ಲೈಸೆನ್ಸ್ ಇತ್ತು. ಪೋಸ್ಟ್ ಆಫೀಸಿಗೆ ಹೋಗಿ ದುಡ್ಡು ಕಟ್ಟಿ ಪುಸ್ತಕಕ್ಕೆ ಸ್ಟ್ಯಾಂಪು ಹಾಕಿಸಿಕೊಂಡು ಬಂದದ್ದು ಮನೆಯ ಹಿರಿಯರಿಗೆ ನೆನಪಿರುತ್ತದೆ. 1980ರ ದಶಕದಲ್ಲಿ ಅದು ಹೋಯಿತು. ಇವತ್ತು ಆಕಾಶವಾಣಿ, ದೂರದರ್ಶನ ನಡೆಸುವ ಪ್ರಸಾರ ಭಾರತಿ ಹೆಚ್ಚಾಗಿ ಕೇಂದ್ರದ ಅನುದಾನದ ಮೇಲೇ ನಿಂತಿದೆ. ಸಂಜೆ ವಾರ್ತೆ ಕೇಳಿದರೆ ಅದರ ಫಲ ಏನು ಅಂತ ನಿಮಗೇ ಗೊತ್ತಾಗುತ್ತದೆ.

ಜುಟ್ಟಿನ ಪ್ರಶ್ನೆಗೆ ಸ್ವಲ್ಪ ಉತ್ತರ ಹುಡುಕಿರುವುದು ಜರ್ಮನಿ. ಅಲ್ಲಿ 2013ರಿಂದ ಟಿವಿ ಇರಲಿ ಬಿಡಲಿ, ಪ್ರತಿ ಮನೆಯೂ ಕಟ್ಟಬೇಕು. ಈಗ ತಿಂಗಳಿಗೆ 18.36 ಯೂರೋ. ಎಷ್ಟು ಬೇಕು ಅಂತ ಲೆಕ್ಕ ಹಾಕೋದು ಮಂತ್ರಿ ಅಲ್ಲ, ಸ್ವತಂತ್ರ ಆಯೋಗ. ರಾಜ್ಯಗಳು ಅದಕ್ಕೆ ಒಪ್ಪಿಗೆ ಕೊಡಬೇಕು. 2020ರ ಡಿಸೆಂಬರ್‌ನಲ್ಲಿ 86 ಸೆಂಟ್ ಏರಿಕೆಗೆ ಸಾಕ್ಸೋನಿ-ಅನ್‌ಹಾಲ್ಟ್ ಅನ್ನೋ ಒಂದೇ ರಾಜ್ಯ ಅಡ್ಡ ನಿಂತಿತು. ಪ್ರಸಾರ ಸಂಸ್ಥೆಗಳು ಸಂವಿಧಾನ ನ್ಯಾಯಾಲಯಕ್ಕೆ ಹೋದವು. 2021ರ ಆಗಸ್ಟ್‌ನಲ್ಲಿ ತೀರ್ಪು ಬಂತು: ಹೀಗೆ ಸುಮ್ನೆ ತಡೆಯೋದು ಪ್ರಸಾರ ಸ್ವಾತಂತ್ರ್ಯಕ್ಕೆ ವಿರುದ್ಧ, ಏರಿಕೆ ಜಾರಿಯಾಗಲಿ ಅಂತ. ಆಮೇಲೆ ಅದೇ ಆಯೋಗ 2025ರಿಂದ 18.94 ಮಾಡಿ ಅಂದಾಗ ರಾಜ್ಯಗಳು ಮತ್ತೆ ತಡೆದವು. 2024ರ ನವೆಂಬರ್‌ನಲ್ಲಿ ಎಆರ್‌ಡಿ, ಝಡ್‌ಡಿಎಫ್ ಅನ್ನೋ ಎರಡು ಸಾರ್ವಜನಿಕ ಪ್ರಸಾರ ಸಂಸ್ಥೆಗಳು ಮತ್ತೆ ಅದೇ ಕೋರ್ಟಿನ ಮೆಟ್ಟಿಲು ಹತ್ತಿದವು, ತಿಂಗಳಿಗೆ 58 ಸೆಂಟಿಗಾಗಿ.