ಸೊಳ್ಳೆಗೇ ಇಂಜೆಕ್ಷನ್: ಮೆದುಳು ಜ್ವರದ ವೈರಸ್ಸಿನ ಜಾಡು ಹಿಡಿಯುವುದು ಹೇಗೆ?

ನಮಸ್ಕಾರ. ಜಪಾನೀಸ್ ಎನ್ಸೆಫಲೈಟಿಸ್, ಅಂದರೆ ನಮ್ಮ ಕಡೆ ಮೆದುಳು ಜ್ವರ ಎಂದು ಕರೆಯುವ ಕಾಯಿಲೆ ಊರಿಗೆ ಕಾಲಿಡುತ್ತಿರುವುದು ಯಾರೂ ಆಸ್ಪತ್ರೆ ಸೇರುವ ಮೊದಲೇ ತಿಳಿಯಬಹುದೇ ಎಂಬ ಪ್ರಶ್ನೆ ಬಹಳ ದಿನದಿಂದ ನನ್ನ ತಲೆಯಲ್ಲಿತ್ತು.

ಮೂಲ ಸಂಗತಿಗಳನ್ನು ಬೇಗ ಮುಗಿಸುತ್ತೇನೆ. ಈ ವೈರಸ್ಸು ನೆಲೆಸಿರುವುದು ಬೆಳ್ಳಕ್ಕಿಯಂಥ ನೀರುಹಕ್ಕಿಗಳಲ್ಲಿ, ಬೇಗ ಬೇಗ ಹೆಚ್ಚುವುದು ಹಂದಿಯ ರಕ್ತದಲ್ಲಿ. ಅದನ್ನು ಹೊತ್ತು ತಿರುಗುವುದು ಭತ್ತದ ಗದ್ದೆಯ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ. ಸೋಂಕು ತಗುಲಿದ ಸುಮಾರು 250 ಮಂದಿಯಲ್ಲಿ ಒಬ್ಬರಿಗಷ್ಟೇ ಕಾಯಿಲೆ ತೀವ್ರವಾಗುವುದರಿಂದ, ಮೊದಲ ರೋಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ವೈರಸ್ಸು ಊರೆಲ್ಲ ಸುತ್ತಿರುತ್ತದೆ. ಆದ್ದರಿಂದ ಹುಡುಕಾಟ, ಈ ಸೊಳ್ಳೆ ಕಚ್ಚಲು ಹೆಚ್ಚಾಗಿ ಬರುವ ದನದ ಕೊಟ್ಟಿಗೆಯಿಂದಲೇ ಶುರುವಾಗಬೇಕು.

ಕತ್ತಲಾದ ಮೇಲೆ ಟಾರ್ಚ್ ಹಿಡಿದ ಸಂಗ್ರಾಹಕರು ಕೊಟ್ಟಿಗೆಯ ಗೋಡೆಯ ಮೇಲೂ ಪಕ್ಕದ ಪೊದೆಯಲ್ಲೂ ಕುಳಿತ ಸೊಳ್ಳೆಗಳನ್ನು ಗಾಜಿನ ಕೊಳವೆಯೊಳಕ್ಕೆ ಬಾಯಿಂದ ಉಸಿರೆಳೆದೇ ಹಿಡಿಯುತ್ತಾರೆ. ಗಾಬರಿ ಬೇಡ, ನಡುವೆ ಬಲೆಬಟ್ಟೆ ಇರುತ್ತದೆ. ಹಿಡಿದವನ್ನು ಜಾತಿವಾರು ವಿಂಗಡಿಸಿ, ಹೆಚ್ಚೆಂದರೆ 50ರ ಗುಂಪು ಮಾಡಿ ಅರೆಯುತ್ತಾರೆ.

ಇನ್ನು ನನಗೆ ಅಚ್ಚುಮೆಚ್ಚಿನ ಭಾಗ. ಮಧುರೈನ ವೈದ್ಯಕೀಯ ಕೀಟಶಾಸ್ತ್ರ ಸಂಶೋಧನಾ ಕೇಂದ್ರದವರು ಹಾಗೆ ಅರೆದ ರಸವನ್ನು ಟಾಕ್ಸೋರಿಂಕೈಟಿಸ್ ಎಂಬ ದೊಡ್ಡ ಗಾತ್ರದ ಸೊಳ್ಳೆಯ ಮೈಗೆ ಸೂಕ್ಷ್ಮ ಸೂಜಿಯಿಂದ ಚುಚ್ಚುತ್ತಿದ್ದರು. ಹೆಣ್ಣೂ ರಕ್ತ ಕುಡಿಯದ, ಮಕರಂದದಲ್ಲೇ ಬದುಕುವ ಈ ಸೊಳ್ಳೆ ಒಂದುವೇಳೆ ಪ್ರಯೋಗಾಲಯದಿಂದ ತಪ್ಪಿಸಿಕೊಂಡರೂ ಯಾರನ್ನೂ ಕಚ್ಚಲಾರದು. ಅದರ ಮರಿಗಳಂತೂ ಬೇರೆ ಸೊಳ್ಳೆಗಳ ಮರಿಗಳನ್ನೇ ತಿಂದು ಬೆಳೆಯುತ್ತವೆ. ರಸದಲ್ಲಿ ವೈರಸ್ಸಿದ್ದರೆ ಅದು ಬೆಳೆಯಲೆಂದು ಕೆಲವು ದಿನ ಬಿಟ್ಟು, ಚುಚ್ಚಿಸಿಕೊಂಡ ಸೊಳ್ಳೆಯ ತಲೆಯನ್ನು ಗಾಜಿನ ಪಟ್ಟಿಯ ಮೇಲೆ ಅಪ್ಪಚ್ಚಿ ಮಾಡಿ, ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯ, ಅಂದರೆ ಸೋಂಕಿನ ವಿರುದ್ಧ ಮೈ ತಯಾರಿಸುವ, ವೈರಸ್ಸಿಗೆ ಅಂಟಿಕೊಳ್ಳುವ ಪ್ರೋಟೀನು, ಸವರಿ ನೋಡಿದರೆ, ವೈರಸ್ಸಿರುವ ಜೀವಕೋಶಗಳು ಸೂಕ್ಷ್ಮದರ್ಶಕದಡಿ ಹಸಿರಾಗಿ ಮಿನುಗುತ್ತವೆ. ತಲೆತಲಾಂತರದಿಂದ ನಮ್ಮನ್ನು ಚುಚ್ಚಿದ ಕುಲಕ್ಕೆ ನಾವು ತಿರುಗಿ ಚುಚ್ಚಿದೆವು, ಆದರೆ ಪಾಪ, ಶಿಕ್ಷೆ ಬಿದ್ದದ್ದು ಚುಚ್ಚಲು ಬಾರದ ಸೊಳ್ಳೆಗೆ!

ಸಮಯ ಮೀರುತ್ತಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಎಳೆಯ ಹಂದಿಗಳ ರಕ್ತದಲ್ಲಿ ಪ್ರತಿಕಾಯ ಕಂಡರೆ ವೈರಸ್ಸು ಇತ್ತೀಚೆಗಷ್ಟೇ ಸುಳಿದಾಡಿದೆ ಎಂದರ್ಥ. ಜಪಾನಿನಲ್ಲಿ ಪ್ರತಿ ಬೇಸಿಗೆಯಲ್ಲೂ ಹಂದಿಗಳ ರಕ್ತಪರೀಕ್ಷೆ ನಡೆಸುವುದು ಇದಕ್ಕೇ. ದನವನ್ನು ಈ ಸೊಳ್ಳೆ ಹೆಚ್ಚು ಕಚ್ಚುವುದಾದರೂ ಅದರ ಮೈಯಲ್ಲಿ ವೈರಸ್ಸು ಬೆಳೆಯುವುದಿಲ್ಲ. ಮನುಷ್ಯರಲ್ಲಿ ಬೆನ್ನುಹುರಿಯ ದ್ರವದಲ್ಲಿ ಐಜಿಎಂ ಎಂಬ, ಸೋಂಕು ತಗುಲಿದಾಗ ಮೊದಲು ಮೂಡುವ ಬಗೆಯ ಪ್ರತಿಕಾಯವನ್ನು ಹುಡುಕುತ್ತಾರೆ. 1970ರ ದಶಕದ ಕೊನೆಯಲ್ಲಿ ಈ ಜ್ವರ ಕಾಡಿದ ಕೋಲಾರದ ಕಡೆಯ ರೋಗಿಯೊಬ್ಬರಿಂದ ಮುಂದೆ ಬೇರ್ಪಡಿಸಿದ ವೈರಸ್ಸಿನ ತಳಿಯಿಂದಲೇ 2013ರಲ್ಲಿ ಹೈದರಾಬಾದಿನ ಭಾರತ್ ಬಯೋಟೆಕ್‌ನ ಜೆನ್‌ವ್ಯಾಕ್ ಲಸಿಕೆ ಹೊರಬಂತು.